ಒಳಕೋಣೆಯ ಕೆಂಪು ಗೋಡೆ

ಆಗೆಲ್ಲ ದಸರೆ ಮುಗಿಯುವುದೇ ತಡ, ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಸುಣ್ಣದ ಕಲ್ಲು ಕುದಿಯುವ ಸದ್ದು ಏಳುತ್ತಿತ್ತು. ನೀರು ಬಿದ್ದ ಕೂಡಲೇ ಬಿಸಿ ಹಬೆ, ಮೂಗು ಸುಡುವ ವಾಸನೆ. ದೀಪಾವಳಿಯೊಳಗೆ ಎಲ್ಲರ ಗೋಡೆಗಳೂ ಬೆಳ್ಳಗಾಗಬೇಕು. ನಮ್ಮ ಮನೆಯಲ್ಲಿ ಅದಕ್ಕೂ ಕ್ರಮವಿತ್ತು. ಅಪ್ಪ ಹೆಡ್‌ಮಾಸ್ತರ್. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಓದು. ಗೋಡೆ ಬಿಳಿ, ನೆಲಕ್ಕೆ ಹತ್ತಿದಲ್ಲಿ ಒಂದು ಗೇಣು ಕೆಮ್ಮಣ್ಣು. ಒಂದು ಬೆರಳು ಹೆಚ್ಚಾದರೆ ಅಪ್ಪ ಅಳೆದು ಒರೆಸಿಸುತ್ತಿದ್ದರು. ಆ ಶಿಸ್ತು ನನಗೆ ಇಷ್ಟವಿತ್ತು. ಈಗಲೂ ಐದಕ್ಕೇ ಏಳುತ್ತೇನೆ.

ನನಗೆ ಹತ್ತು ವರ್ಷವಿದ್ದಾಗ ಚಿಗವ್ವ ಬಂದಳು. ಕಾಕಾನ ಹೆಂಡತಿ, ನೀಲವ್ವ. ಹತ್ತೊಂಬತ್ತರ ಹುಡುಗಿ, ತವರು ಬ್ಯಾಡಗಿ ಕಡೆಯ ಕದರಮಂಡಲಗಿ. ಕಾಕಾ ಹಾವೇರಿಯಲ್ಲಿ ಕೆಲಸಕ್ಕಿದ್ದು, ಅಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ಅಲ್ಲಿಯವರೆಗೆ ಅವಳಿಗೆ ನಮ್ಮ ಮನೆಯ ಒಳಕೋಣೆ. ಕಿಟಕಿಯಿಲ್ಲ, ಹಗಲಿಗೂ ಚಿಮಣಿ ದೀಪ ಬೇಕು.

ಆ ವರ್ಷ ದಸರೆಯ ಬೆನ್ನಿಗೇ ಅಪ್ಪ ತರಬೇತಿಗೆಂದು ಎಂಟು ದಿನ ಧಾರವಾಡಕ್ಕೆ ಹೋದರು. ಮರುದಿನವೇ ಚಿಗವ್ವ ನನ್ನನ್ನು ಕರೆದಳು.

"ಸುಮಿ, ಈ ಕ್ವಾಣಿ ನೋಡು, ಹೆಣಾ ಮಲಗಿಸಿದಂಗ ಐತಿ. ಒಂದ ಗ್ವಾಡಿಗೆ ಬಣ್ಣ ಹಚ್ಚೋಣೇನು?"

"ಯಾವ ಬಣ್ಣ?"

"ನಮ್ಮೂರ ಬಣ್ಣ."

ತವರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಸಿಪ್ಪೆ ನೆನೆಹಾಕಿದಳು. ರುಬ್ಬಿದವಳು ನಾನು. ಆ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಆದರೂ ಇಬ್ಬರೂ ಸೀನಿ ಸೀನಿ ನಕ್ಕೆವು. ಅದಕ್ಕೆ ಕೆಮ್ಮಣ್ಣು, ಮೇಲೆ ಕುಸುಬೆ ಎಣ್ಣೆ. ಗೋಡೆಯ ತುಂಬ ಇಳಕಲ್ ಸೀರೆಯ ಸೆರಗು ಹಾಸಿದಂತೆ ಕೆಂಪು. ಸೆರಗಿನಲ್ಲಿರುವಂತೆಯೇ ಬಿಳಿ ಮೊನೆಗಳ ಸಾಲು. ನಡುನಡುವೆ ಕೆಂಪು ಕೊಕ್ಕಿನ ಅರಿಷಿಣ ಗಿಳಿಗಳು. ಮೂಲೆಯ ಗಿಳಿ ನನ್ನದು. ಅದರ ಕೊಕ್ಕು ಮೈಗಿಂತ ದೊಡ್ಡದಾಯಿತು.

"ಇದು ನಿಮ್ಮಜ್ಜಿ," ಎಂದು ಚಿಗವ್ವ ನನ್ನ ತಲೆಗೆ ಮೊಟಕಿದಳು.

ಚಿಮಣಿ ಎತ್ತಿ ಹಿಡಿದರೆ ಕೋಣೆ ಹೊತ್ತಿಕೊಂಡಂತೆ ಕಾಣುತ್ತಿತ್ತು. ನಾನು ಅಲ್ಲಿಯೇ ಉಂಡೆ, ಅಲ್ಲಿಯೇ ಓದಿದೆ. ಆರು ಗಂಟೆಯ ಓದು ಏಳಕ್ಕಾದರೂ ಕೇಳುವವರಿರಲಿಲ್ಲ.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. "ತವರಮನ್ಯಾಗ ಮೆಣಸಿನಕಾಯಿ ಭಾಳ ಆಗ್ಯಾವಂತ. ಗ್ವಾಡಿಗೂ ಸಾರು ಉಣಸ್ಯಾಳ." ಬೇಡವೆನ್ನಲಿಲ್ಲ. ಮಗ ಬರಲೆಂದು ಕಾದಳು.

ಅಪ್ಪ ಬಂದವರು ದನಿ ಎತ್ತಲಿಲ್ಲ. ಕೈಕಾಲು ತೊಳೆದು, ಟೊಪ್ಪಿಗೆ ಗೂಟಕ್ಕೆ ಹಾಕಿ, ಕಂದೀಲು ತರಿಸಿ ಗೋಡೆ ನೋಡಿದರು.

"ಯಾರ ಮಾಡಿದ್ದಿದು?"

ನನ್ನ ಉಗುರುಗಳಲ್ಲಿ ಇನ್ನೂ ಕೆಂಪಿತ್ತು. ಕೈಗಳನ್ನು ಬೆನ್ನ ಹಿಂದೆ ಸರಿಸಿದೆ. "ಚಿಗವ್ವರಿ. ನಾ ಬ್ಯಾಡ ಅಂದೆ, ಕೇಳಲಿಲ್ಲ."

ಚಿಗವ್ವ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅದೇ ವಾರ ಕಾಕಾನ ಕಾಗದ ಬಂದಿತ್ತು. ಹಾವೇರಿಯಲ್ಲಿ ಮನೆ ಸಿಕ್ಕಿದೆ, ಹಬ್ಬಕ್ಕೆ ಬಂದು ನೀಲಾಳನ್ನು ಕರೆದೊಯ್ಯುತ್ತೇನೆ ಎಂದು. ಅಪ್ಪ ಕಾಗದವನ್ನು ಮಡಿಚಿ ಇಟ್ಟರು.

"ಗ್ವಾಡಿ ಮೊದಲಿನಂಗ ಆಗಲಿ, ಆಮ್ಯಾಲೆ ಹಾವೇರಿ. ದಿನಾ ಬಿಟ್ಟು ದಿನಾ ಒಂದ ಕೈ ಸುಣ್ಣ. ಅಕಿನ ಬಳೀಲಿ. ಬಣ್ಣ ಕಾಣತೈತೋ ಇಲ್ಲೋ ಸುಮಿ ನೋಡಿ ಹೇಳಲಿ. ಅಕಿ ಸುಳ್ಳು ಹೇಳಾಕಿ ಅಲ್ಲ."

ನನಗೆ ಹೆಮ್ಮೆಯಾಯಿತು.

ಎಣ್ಣೆ ಸೇರಿಸಿದ್ದೇ ತಪ್ಪಾಗಿತ್ತು. ಎಣ್ಣೆ ಕುಡಿದ ಗೋಡೆ ಸುಣ್ಣ ಹಿಡಿಯುವುದಿಲ್ಲ. ಬಳಿದಾಗ ಬೆಳ್ಳಗಿರುತ್ತಿತ್ತು, ಒಣಗಿದಂತೆ ಹೊಪ್ಪಳೆ ಎದ್ದು ಉದುರಿ ಕೆಂಪು ಇಣುಕುತ್ತಿತ್ತು. ನಾನು ಸರಿಯಾಗಿ ಆರಕ್ಕೆ ಕಂದೀಲು ಹಿಡಿದು ಹೋಗಿ ನೋಡಿ, ಬಂದು ಹೇಳುತ್ತಿದ್ದೆ. ಮೂರನೆಯ ಕೈ ಮುಗಿಯುವಷ್ಟರಲ್ಲಿ ಚಿಗವ್ವನ ಬೆರಳ ಸಂದುಗಳನ್ನು ಸುಣ್ಣ ತಿಂದಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತುಟಿ ಕಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿಗೆ ರಕ್ತ ಹತ್ತೀತೆಂದು ಅಜ್ಜಿ ಅವಳನ್ನು ಒಲೆಯಿಂದಲೂ ಎಬ್ಬಿಸಿದಳು.

ಐದನೆಯ ಕೈಗೆ ಎಲ್ಲ ಮುಚ್ಚಿತು. ಮೂಲೆಯ ಆ ಕೊಕ್ಕೊಂದು ಉಳಿಯಿತು. ಅಂದು ಕಾಕಾ ಬಂದಿದ್ದ. ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಚಿಗವ್ವನ ಟ್ರಂಕು ತುಂಬಿ ನಿಂತಿತ್ತು. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಸುಮೀ, ಕಾಣವಲ್ತು ಅನ್ನವ್ವ. ಒಂದ ಸಲ."

ನಾನು ಪಡಸಾಲೆಗೆ ಹೋಗಿ, ಕೈಕಟ್ಟಿ ನಿಂತು ಹೇಳಿದೆ: "ಕಾಣತೈತ್ರಿ. ಮೂಲ್ಯಾಗ."

"ಶಾಬಾಸ್," ಎಂದರು ಅಪ್ಪ. ಗಡಿಯಾರಕ್ಕೆ ಕೀಲಿ ಕೊಡುತ್ತ, "ಹಂಗಾರ ಇನ್ನೊಂದ ಕೈ," ಎಂದರು.

ಅಣ್ಣನ ಮಾತಿಗೆ ಎದುರಾಡುವವನಲ್ಲ ಕಾಕಾ. ಹಬ್ಬ ಮುಗಿಸಿ ಒಬ್ಬನೇ ಹೋದ. ಆ ಬಾಡಿಗೆ ಮನೆ ಬೇರೆಯವರ ಪಾಲಾಯಿತು. ಇನ್ನೊಂದು ಸಿಕ್ಕಿ, ಅಪ್ಪ ಒಪ್ಪಿ ಅವಳನ್ನು ಕಳಿಸುವ ಹೊತ್ತಿಗೆ ಆರು ವರ್ಷವಾಗಿತ್ತು. ಆರು ವರ್ಷ ಅವಳು ಆ ಬಿಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನ್ನೊಂದಿಗೆ ಮಾತು ಬಿಡಲಿಲ್ಲ. ನಗುವುದನ್ನು ಮಾತ್ರ ಬಿಟ್ಟಳು.

ಮೊನ್ನೆ ನಮ್ಮ ಹೊಸ ಮನೆಗೆ ಬಣ್ಣದವನು ಬಣ್ಣದ ಮಾದರಿಗಳ ಪುಸ್ತಕ ತಂದಿದ್ದ. ಸೊಸೆ ಪಡಸಾಲೆಯ ಒಂದು ಗೋಡೆಗೆ ಕಡುಗೆಂಪು, ಮೇಲೆ ಚಿತ್ತಾರ ಆರಿಸಿದ್ದಾಳೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲವಂತೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪುಸ್ತಕದ ಹಾಳೆಗೆ ಮೂಗು ಹಚ್ಚಿ ನೋಡಿದೆ, ಸೀನು ಬರಲಿಲ್ಲ. ಸೊಸೆ ನಕ್ಕಳು. ಒಂದು ಮನೆಯಲ್ಲಿ ಎಂಟು ದಿನವಷ್ಟೇ ಇದ್ದ ಆ ಕೆಂಪನ್ನು ಅವಳಿಗೆ ಹೇಗೆ ತೋರಿಸಲಿ?

ಚಿಗವ್ವ ಹಾವೇರಿಯಲ್ಲಿದ್ದಾಳೆ, ಎಂಬತ್ತರ ಹತ್ತಿರ. ಅವಳ ಮನೆಯ ಗೋಡೆಗಳೆಲ್ಲ ಬಿಳಿ. ಫೋನು ಮಾಡಿದೆ.

"ಸೊಸಿ ಒಂದ ಗ್ವಾಡಿ ಕೆಂಪು ಮಾಡಸಾಕತ್ತಾಳ ಚಿಗವ್ವ. ನೋಡಾಕ ಬಾ."



"ನಾ ಯಾಕವ್ವ," ಎಂದಳು. "ನೋಡಿ ಹೇಳಾಕ ನೀ ಇದ್ದೀಯಲ್ಲ."