ಗಡಿಯ ಈಚೆ ಉಳಿದುಬಿಟ್ಟ ಅಡುಗೆಯಮ್ಮ

ಸಾನ್ ಹೋಸೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಾಂದಿದಾ ರುಗಾಮಾ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಹೆಂಚಿಗೆ ಹಾಕುತ್ತಿದ್ದಾರೆ. ಸುತ್ತ ನಿಂತವರು ಗಡಿ ದಾಟಿ ಈ ಪಕ್ಕದ ದೇಶಕ್ಕೆ ಬಂದು ಕಟ್ಟಡ ಕೆಲಸಕ್ಕೆ ಹೊರಟ ನಮ್ಮ ನಿಕರಾಗುವಾದ ಗಂಡಸರು.

“ಅಮ್ಮಾ, ರೊಟ್ಟಿ ದಿನದಿನಕ್ಕೂ ಸಣ್ಣ ಆಗ್ತಿದೆಯಲ್ಲ?”

“ರೊಟ್ಟಿ ಇದ್ದಷ್ಟೇ ಇದೆ ಕಣೋ. ನಿನ್ ಹೊಟ್ಟೆ ದೊಡ್ಡದಾಗಿರೋದು.”

ಎಲ್ಲರೂ ನಗುತ್ತಾರೆ. ಈಕೆ ಹಿಂದೆ ನಮ್ಮ ದೇಶದ ಎಸ್ತೆಲಿ ಕಡೆಯ ಪುಟ್ಟ ಊರಲ್ಲಿ, ಗಂಡನ ಹೊಡೆತ ತಪ್ಪಿಸಿಕೊಂಡು ಬಂದ ಹೆಂಗಸರ ಆಶ್ರಯಮನೆಗೆ ಅಡುಗೆ ಮಾಡುತ್ತಿದ್ದರೆಂದು ಅವರಿಗೆ ಗೊತ್ತಿಲ್ಲ.

ಆ ಮನೆಗೆ ಇಸ್ಮಾರಾ ಬಂದಾಗ ದವಡೆ ಮುರಿದಿತ್ತು. ಗಂಡ ಪೊಲೀಸಿನವನು. ಅಗಿಯಲಾಗದ ಹುಡುಗಿಗೆ ಕಾಂದಿದಾ ಗಂಜಿ ಕಾಯಿಸಿ ಕುಡಿಸುತ್ತಿದ್ದರು. “ಎಷ್ಟೋ ದಿನ ಮಾತೇ ಇಲ್ಲ. ಒಂದಿನ ‘ಉಪ್ಪು ಕಮ್ಮಿ’ ಅಂದ್ಲು ನೋಡು, ಅತ್ತುಬಿಟ್ಟೆ. ಅವಳಿಗೂ ದೂರು ಹೇಳೋಕೆ ಬಂತಲ್ಲಾ ಅಂತ.”

ಹೊರದೇಶದ ದುಡ್ಡು ತಿನ್ನುವ ದ್ರೋಹಿಗಳು ಎಂದು ಹೇಳಿ ಸರ್ಕಾರ ಆ ಮನೆಗೆ ಬೀಗ ಜಡಿಯಿತು. ಕಾಂದಿದಾ ಇಸ್ಮಾರಾಳನ್ನು ಗುಟ್ಟಾಗಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ವರ್ಷ ಸಾನ್ ಹೋಸೆಯಲ್ಲಿ ಹಲವು ದೇಶಗಳ ಹೆಂಗಸರ ಸಭೆ. ಆಶ್ರಯಮನೆ ನಡೆಸುತ್ತಿದ್ದವರು ಜೈಲಿನಲ್ಲಿದ್ದರು. ಅವರ ಬದಲು ಅಡುಗೆಯ ಕಾಂದಿದಾರೇ ಹೊರಟರು. ವೇದಿಕೆ ಹತ್ತಿ, ಹೆಸರು ಹೇಳದೆ, ದವಡೆ ಮುರಿದ ಹುಡುಗಿಯ ಕತೆ ಹೇಳಿದರು. ಚಿಲಿಯವರು, ಸಮುದ್ರದಾಚೆಯ ಬಿಲ್ಬಾವೊದವರು ಎದ್ದು ಬಂದು ತಬ್ಬಿಕೊಂಡರು.

ವಾಪಸ್ ಊರಿಗೆ ಹೊರಟಾಗ ಗಡಿಯಲ್ಲಿ ತಡೆದರು.

“ನೀವು ಒಳಗೆ ಬರೋ ಹಾಗಿಲ್ಲಮ್ಮ.”

“ಯಾಕಪ್ಪಾ? ನನ್ನ ಮನೆ ಇರೋದೇ ಅಲ್ಲಿ.”

“ಸಭೇಲಿ ಏನೇನೋ ಮಾತಾಡಿದೀರಂತೆ. ಮೇಲಿನೋರ ಆದೇಶ,” ಎಂದ ಗಡಿ ಕಾವಲಿನ ಹುಡುಗ ತಲೆ ಎತ್ತಲೇ ಇಲ್ಲ.

“ಮನೇಲಿ ಒಬ್ಬಳೇ ಹುಡುಗಿ ಇದಾಳೆ ಅಂತ ಹೇಳೋ ಹಾಗೂ ಇರ್ಲಿಲ್ಲ,” ಎನ್ನುತ್ತಾರೆ ಕಾಂದಿದಾ. “ಹೇಳಿದ್ರೆ ಅವಳ ಗಂಡನಿಗೆ ಸುದ್ದಿ ಮುಟ್ತಿತ್ತು.”

ಹೇಳದಿದ್ದರೂ ಮುಟ್ಟಿತು. ಗಂಡ ಬಂದು ಎಳೆದುಕೊಂಡು ಹೋದ. ತಿಂಗಳೊಳಗೆ ಇಸ್ಮಾರಾ ಸತ್ತಳು. ಬಾವಿಗೆ ಬಿದ್ದಳು ಎಂದ. ಯಾರೂ ಕೇಳಲಿಲ್ಲ.

ಕೇಳಿದವರು ದೂರದವರು. ಬಿಲ್ಬಾವೊದ ಚೌಕದಲ್ಲಿ, ಅಲ್ಲಿನ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ನಮ್ಮೂರ ಹೆಂಗಸರೂ ಸಭೆಗೆ ಬಂದಿದ್ದವರೂ ಸೇರಿ ಅವಳ ಹೆಸರು ಕೂಗಿದರು. ಆ ವಿಡಿಯೊ ಕಾಂದಿದಾರ ಮೊಬೈಲಿನಲ್ಲಿದೆ. “ಸಮುದ್ರದಾಚೆಯೋರು ಕೂಗಿದ್ರು. ನಮ್ಮ ಪಕ್ಕದ ಮನೆಯೋರು ಕಿಟಕಿ ಹಾಕ್ಕೊಂಡ್ರು. ಬೈಯಲ್ಲ ನಾನು. ಅವರಿಗೂ ಮಕ್ಕಳಿದಾರೆ.” ಸ್ವಲ್ಪ ಹೊತ್ತು ರೊಟ್ಟಿ ತಿರುವುತ್ತಾರೆ. “ಅವತ್ತು ನಾನು ಬಾಯಿ ಮುಚ್ಕೊಂಡು ಅಡುಗೆ ಅಷ್ಟೇ ಮಾಡ್ಕೊಂಡಿದ್ದಿದ್ರೆ ಅವಳು ಬದುಕಿರ್ತಿದ್ಲಾ? ದಿನಾ ಕೇಳ್ಕೋತೀನಿ, ಮಗಳೇ.”



ವ್ಯಾಪಾರ ಮುಗಿಸಿ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಾರೆ. ಕಾಡುದಾರಿಯಲ್ಲಿ ಗಡಿ ದಾಟಿ ಬಂದ ಹೆಂಗಸರು ಅವರ ಬಾಡಿಗೆ ಕೋಣೆಯಲ್ಲಿ ಕಾಯುತ್ತಿರುತ್ತಾರೆ. ಅಲ್ಲಿಗೇ ಬಿಲ್ಬಾವೊದಿಂದ ಫೋನ್ ಬರುತ್ತದೆ: ಯಾರಿಗೆ ವಕೀಲರು ಬೇಕು, ಯಾರಿಗೆ ಡಾಕ್ಟರು ಬೇಕು.

ಇದನ್ನು ಪತ್ರಿಕೆಗೆ ಬರೆಯುವಾಗ ನಿಮ್ಮ ಹೆಸರು ಮುಚ್ಚಿಡಲೇ ಎಂದು ಕೇಳುತ್ತೇನೆ.

“ಹಾಕು. ಇನ್ನೇನು ಕಿತ್ಕೋತಾರೆ?” ಎಂದವರು ಕೈ ಒರೆಸಿಕೊಳ್ಳುತ್ತಾರೆ. “ಅವಳ ಸಮಾಧಿ ಮೇಲೆ ‘ಇಂಥವನ ಪ್ರೀತಿಯ ಹೆಂಡತಿ’ ಅಂತ ಅವನು ಬರೆಸಿದಾನಂತೆ. ಸಾಯೋದ್ರೊಳಗೆ ಒಂದು ಸಲ ಹೋಗಿ ಅದನ್ನ ಕೆರೆದು ಹಾಕ್ಬೇಕು. ಇಸ್ಮಾರಾ ಅಂತಷ್ಟೇ ಇರ್ಲಿ.”