ಕೆಂದ ಹಸುವಿನ ಕಾಗದ

ಸೆವ್ರಿನ್ ಮಾವ್ಶಿ ಯಾರನ್ನು ಕಂಡರೂ ಮೊದಲು ಮಣಿಕಟ್ಟು ಹಿಡಿಯುತ್ತಿದ್ದಳು. ನಾಡಿ ಎಣಿಸಿ ಮುಗಿದ ಮೇಲೆಯೇ ‘ಊಟ ಆಯ್ತಾ?’ ಸೀರೆಗೆ ಪಿನ್ನು ಹಾಕಿ ತಲೆಕೆಳಗಾಗಿ ತೂಗುಬಿಟ್ಟಿದ್ದ ಅವಳ ನರ್ಸ್ ಗಡಿಯಾರ ಎಡಕ್ಕಿತ್ತೋ ಬಲಕ್ಕೋ, ಈಗ ಖಚಿತವಿಲ್ಲ. ಇಲ್ಲಿನ ಬೇರೆ ವಿವರಗಳೂ ತಪ್ಪಿರಬಹುದು; ಕೆಲವನ್ನು ಕಂಡೆನೋ, ಅಮ್ಮ ಹೇಳಿ ಕೇಳಿದೆನೋ.

ಅವಳು ಅಮ್ಮನ ಅಕ್ಕ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯ ಹತ್ತಿರದ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ವಾರ್ಡು ತುಂಬಿ ವರಾಂಡದಲ್ಲೂ ಮಂಚ, ಮಂಚಗಳ ನಡುವೆ ಸ್ಟ್ರೆಚರ್. ಆ ದಣಿವು ನಮ್ಮೂರು ಬೆಳಗೋಡಿಗೆ ಬಂದ ಮೇಲೂ ಇಳಿಯಲಿಲ್ಲ. ಕೂತಲ್ಲೇ ತೂಕಡಿಸುತ್ತಿದ್ದಳು. ಒಳಗೆ ಹೋಗಿ ಮಲಗು ಅಂದರೆ, ‘ಎಲ್ಲಾ ಮಲಗಿದ್ರೆ ಏಳೋದು ಯಾರು ಮಾರಾಯ್ತಿ?’

ಗಾಯಾಳುಗಳ ಕಾಗದ ಬರೆಯುವುದೂ ಅವಳ ಪಾಲಿಗಿತ್ತು. ಕನ್ನಡದ ಹುಡುಗರಿಗೆ ಅವಳೊಬ್ಬಳೇ. ಮಾತು ನಿಂತವರ ಪರವಾಗಿ ತಾನೇ ಎರಡು ಸಾಲು ಬರೆದದ್ದೂ ಇದೆಯಂತೆ. ನಮ್ಮೂರ ಹತ್ತಿರದ ಪಾಳ್ಯದ ಕಡೆಯ ಹುಡುಗನೊಬ್ಬ ಅಲ್ಲೇ ತೀರಿಕೊಂಡ. ಅವನ ತಾಯಿಗೆ ಸಾವಿನ ತಂತಿ ಮೊದಲು ಬಂತು, ಮಗನ ಕಾಗದ ಆಮೇಲೆ.

ನನಗೆ ಹತ್ತು ವರ್ಷವಿದ್ದಾಗ, ಆ ಕಾಗದ ಬರೆದ ನರ್ಸಮ್ಮ ಬೆಳಗೋಡಿನಲ್ಲೇ ಇರುವುದು ಹೇಗೋ ತಿಳಿದು, ಆ ತಾಯಿ ಹೇಳಿ ಕಳಿಸಿದಳು. ಅಮ್ಮನೂ ನಾನೂ ಜೊತೆಗೆ ಹೋದೆವು. ಮಾವ್ಶಿ ಅಭ್ಯಾಸದಂತೆ ಮುದುಕಿಯ ಮಣಿಕಟ್ಟು ಹಿಡಿದಳು. ಮುದುಕಿ ಇನ್ನೊಂದು ಕೈಯಲ್ಲಿ ಕಾಗದ ಚಾಚಿದಳು. ‘ಓದವ್ವ.’

ಮಾವ್ಶಿ ತನ್ನದೇ ಅಕ್ಷರ ಓದಿದಳು: ‘ಹುಷಾರಾಗುತ್ತಿದ್ದೇನೆ. ಕೆಂದ ಹಸು ಕರು ಹಾಕಿತೇ?’

‘ನಮ್ಮನೇಲಿ ಹಸು ಯಾವತ್ತೂ ಇರ್ನಿಲ್ಲ ಕಣವ್ವ, ಎಮ್ಮೆ ಇತ್ತು. ಇಷ್ಟು ವರ್ಸದಿಂದ ಅದೇ ಕೊರೀತೈತೆ. ಇದು ನನ್ ಮಗ ಹೇಳಿದ್ದಾ, ನೀನೇ ಬರ್ದಿದ್ದಾ?’

ಮಾವ್ಶಿ ಹಿಡಿದ ಕೈ ಬಿಡದೆ ಗಡಿಯಾರ ನೋಡಿದಳು. ‘ಅವನೇ ಹೇಳಿದ್ದು ಕಣಮ್ಮಾ. ಜ್ವರ ಜಾಸ್ತಿ ಇತ್ತು. ಎಮ್ಮೆ ಹೋಗಿ ಹಸು ಆಗಿರ್ಬೇಕು.’

‘ಹಂಗಾರೆ ಕೊನೇಲಿ ಮಾತಾಡ್ದ ಅನ್ನು!’ ಮುದುಕಿ ನಕ್ಕೇಬಿಟ್ಟಳು. ‘ಎಮ್ಮೆ ಕಂಡ್ರೆ ಆಗ್ತಿರ್ನಿಲ್ಲ, ಕಳ್ ನನ್ಮಗಂಗೆ.’

ವಾಪಸು ಬರುವಾಗ ಬಸ್ಸಿನಲ್ಲಿ ಮಾವ್ಶಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ‘ಪ್ರಜ್ಞೆ’ ಎಂಬ ಒಂದು ಪದ ಕೇಳಿಸಿತ್ತು ಅಂದುಕೊಂಡಿದ್ದೇನೆ. ಆಮೇಲೆ ಅಮ್ಮನ ಹೆಗಲಿಗೊರಗಿ ನಿದ್ದೆಹೋದಳು. ಊರು ಬಂದಾಗ ಎಬ್ಬಿಸುವುದೇ ಕಷ್ಟವಾಯಿತು.

ಹೋದ ವರ್ಷ ಮಾವ್ಶಿ ಹೋದಳು. ಗಡಿಯಾರ ನನಗೆ ಬಂತು. ಅದನ್ನು ಅಮ್ಮನ ಮುಂದಿಟ್ಟು ಒಂದೇ ಮಾತು ಕೇಳಿದೆ. ಅಮ್ಮ ಗಡಿಯಾರಕ್ಕೆ ಕೀ ಕೊಟ್ಟು ನನ್ನ ಕೈಗೇ ಹಿಂದಿರುಗಿಸಿದಳು. ನಾನು ಕೇಳಿದ್ದು ಇಷ್ಟೇ:

‘ಆ ಹುಡುಗ ಮಾತಾಡಿದ್ನಾ, ಅಮ್ಮಾ?’