ಗೌರತ್ತೆಯ ಸೋಮವಾರ

ಗೌರತ್ತೆ ಯಾವ ಸೋಮವಾರವೂ ಉಪವಾಸ ಮಾಡುತ್ತಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ಹಸಿದು ಕೂತಿದ್ದ ಹೆಂಗಸಿನ ಮುಂದಿನಿಂದ ಊಟದ ಎಲೆ ತೆಗೆದವಳು ನಾನು — ಮತ್ತೆ ಹಾಕುವ ಅವಕಾಶ ಸಿಕ್ಕಿದಾಗಲೂ ಹಾಕಲಿಲ್ಲ. ಹೇಳಿಬಿಟ್ಟೆ. ಇನ್ನು ಮೊದಲಿಂದ ಹೇಳುತ್ತೇನೆ.

ಗೌರತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹಿನಕಲ್ಲಿನ ನಮ್ಮ ಮನೆಯಲ್ಲೇ ಇದ್ದರು. ಅಪ್ಪನಿಗೆ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಅಮ್ಮನಿಗೆ ಹೊಲಿಗೆ ಮೆಷಿನ್ನು. ನನ್ನನ್ನೂ ಅಕ್ಕನನ್ನೂ ಬೆಳೆಸಿದ್ದು ಅತ್ತೆಯೇ. ಊಟಕ್ಕೆ ಕೂತರೆ ಅವರ ಮಾತು ಕೇಳಬೇಕಿತ್ತು — ಸಾರಿಗೊಂದು ಕಥೆ, ಮಜ್ಜಿಗೆಗೆ ಇನ್ನೊಂದು.

ತೊಂಬತ್ತರ ದಶಕದ ನಡುವೆ ಅವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಮಾತೂ ಬಂತು. ಗಂಟಲು ಮಾತ್ರ... ನೀರು ಕುಡಿದರೆ ಕೆಮ್ಮು. ಸಾರು ಕುಡಿದರೆ ಕೆಮ್ಮು, ಕಣ್ಣಲ್ಲಿ ನೀರು, ಕೆಲವೊಮ್ಮೆ ಮೂಗಿನಿಂದ ಅನ್ನದ ಅಗುಳು. ನಾವು ನೆತ್ತಿ ತಟ್ಟುತ್ತಿದ್ದೆವು.

"ಯಾರೋ ನೆನೆಸ್ಕೋತಿದಾರೆ ಅತ್ತೆ."

"ನಿಮ್ ಮಾವನೇ ಇರ್ಬೇಕು ಕಣೇ. ಬದುಕಿದ್ದಾಗ ಒಂದಿನ ನೆನೆಸ್ಕೊಳ್ಳಲಿಲ್ಲ, ಈಗ ನನ್ನ ಊಟದ ಹೊತ್ತಿಗೇ ನೆನಪಾಗ್ತದೆ ನೋಡು!" — ಕೆಮ್ಮಿನ ನಡುವೆಯೇ ನಗುತ್ತಿದ್ದರು.

ಅಮ್ಮ ಗಂಜಿಯನ್ನು ತೆಳ್ಳಗೆ ಮಾಡಿದಳು. ಇನ್ನೂ ತೆಳ್ಳಗೆ. ತೆಳ್ಳಗಿದ್ದರೆ ಸಲೀಸಾಗಿ ಇಳಿಯುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಕೆಮ್ಮು ಹೆಚ್ಚಾಯಿತು. ಅಮ್ಮ ಅತ್ತೆಯ ರವಿಕೆಗಳನ್ನು ಬಿಗಿ ಹೊಲಿದಳು. ಕೆಲವು ತಿಂಗಳಾದ ಮೇಲೆ ಮತ್ತೆ ಬಿಗಿ ಹೊಲಿದಳು.

ಅಷ್ಟರಲ್ಲಿ ಪಕ್ಕದ ಬೀದಿಯ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆವು. ಅತ್ತೆ ಕೆಮ್ಮಿದಾಗ ಪಕ್ಕದಲ್ಲಿದ್ದ ಹೆಂಗಸು ತನ್ನ ಎಲೆ ಎತ್ತಿಕೊಂಡು ದೂರ ಹೋಗಿ ಕೂತಳು. "ಕ್ಷಯ ಇರ್ಬೇಕು" ಎಂದು ಯಾರಿಗೋ ಹೇಳಿದ್ದು ನನಗೂ ಕೇಳಿಸಿತು, ಅತ್ತೆಗೂ ಕೇಳಿಸಿತು. ನಾನಾಗ ಎಂಟನೇ ಕ್ಲಾಸು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಅಕ್ಕನ ನಿಶ್ಚಿತಾರ್ಥ ಒಂದು ಸೋಮವಾರ ಬಂತು. ಬೆಳಿಗ್ಗೆ ಒಬ್ಬಟ್ಟಿನ ಹೂರಣ ರುಬ್ಬಿ ಉಂಡೆ ಕಟ್ಟಿದ್ದು ಅತ್ತೆಯೇ. ಒಂದು ಉಂಡೆ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿ ನುಂಗಿದರು. ಕೆಮ್ಮಲಿಲ್ಲ. ಅದನ್ನು ನಾನು ನೋಡಿದೆ — ನೋಡಿಯೂ ಏನೂ ಹೊಳೆಯಲಿಲ್ಲ.

"ಇವತ್ತು ಬೀಗರ ಪಂಕ್ತೀಲೇ ಕೂತು ಒಬ್ಬಟ್ಟು ತಿಂತೀನಿ ಕಣೇ. ನಿಮ್ಮಕ್ಕನ್ನ ಎತ್ತಾಡ್ಸಿದೋಳು ನಾನು. ನಿಧಾನಕ್ಕೆ ತಿಂತೀನಿ ಬುಡು, ಹೆದರ್ಕೋಬೇಡ."

ನನ್ನ ಮುಖದಲ್ಲಿ ಹೆದರಿಕೆ ಅವರಿಗೆ ಆಗಲೇ ಕಂಡಿತ್ತು.

ಎಲೆ ಹಾಕಿದರು. ಅತ್ತೆ ಗರಿಗರಿ ಸೀರೆಯುಟ್ಟು ಶಾಂತಮ್ಮನವರ ಪಕ್ಕದಲ್ಲಿ ಕೂತರು. ಶಾಂತಮ್ಮನವರು ಹುಡುಗನ ತಾಯಿ, ಕಟ್ಟುನಿಟ್ಟಿನವರು ಎಂದು ಹೆಸರಾದವರು. ನಾನು ಉಪ್ಪು ಬಡಿಸುತ್ತಾ ಬರುತ್ತಿದ್ದೆ. ಅತ್ತೆಯ ಗಂಟಲಿನಲ್ಲಿ ಸಣ್ಣ ಸದ್ದಾಯಿತು — ಇನ್ನೂ ಏನೂ ತಿಂದಿರಲಿಲ್ಲ, ಸುಮ್ಮನೆ ಗಂಟಲು ಸರಿಮಾಡಿಕೊಂಡದ್ದು. ಶಾಂತಮ್ಮನವರು ತಿರುಗಿ ನೋಡಿದರು. ಅಕ್ಕನ ಮದುವೆ ಮುರಿದೇ ಹೋಯಿತು ಅನ್ನಿಸಿ...

"ಅತ್ತೆ, ನೀವ್ಯಾಕೆ ಕೂತ್ರಿ? ಇವತ್ತು ಸೋಮವಾರ, ನಿಮಗೆ ಉಪವಾಸ ಅಲ್ವಾ?"

ಅತ್ತೆ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಏನಿತ್ತು ಅಂತ ಇವತ್ತಿಗೂ ಹುಡುಕುತ್ತಿದ್ದೇನೆ. ಆಮೇಲೆ ನಕ್ಕು, "ಅಯ್ಯೋ, ಮರ್ತೇಬುಟ್ಟಿದ್ದೆ ಕಣಮ್ಮ" ಎಂದು ನೆಲಕ್ಕೆ ಕೈಯೂರಿ ಎದ್ದರು.

"ಈ ಕಾಲದಲ್ಲೂ ಇಂಥೋರಿದಾರಲ್ಲ!" ಎಂದು ಶಾಂತಮ್ಮನವರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಉಪ್ಪು ಬಿಟ್ಟು ಬೇರೇನೂ ಬಡಿಸದ ಎಲೆಯನ್ನು ಮಡಿಚಿ ಒಳಗೆ ಒಯ್ದವಳು ನಾನು.

ಮದುವೆ ಚೆನ್ನಾಗಿಯೇ ಆಯಿತು. ಉಪವಾಸವೂ ಬೆಳೆಯಿತು. ಬೀಗರು ಬಂದ ದಿನ ಉಪವಾಸ, ಆಮೇಲೆ ಯಾವ ನೆಂಟರು ಬಂದರೂ ಉಪವಾಸ. ಕೊನೆಗೆ ನಮ್ಮ ಜೊತೆ ಕೂರುವುದನ್ನೂ ಬಿಟ್ಟರು. "ನೀವು ಮುಗಿಸ್ಕೊಳಿ, ಆಮೇಲೆ ತಿಂತೀನಿ." ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಗಂಜಿ ಕುಡಿಯುತ್ತಿದ್ದರು. ಸಾರಿನ ಕಥೆ ನಿಂತಿತು, ಮಜ್ಜಿಗೆಯ ಕಥೆಯೂ ನಿಂತಿತು. ನಾವು ಟಿವಿ ಹಾಕಿಕೊಂಡು ಉಣ್ಣುವುದನ್ನು ಕಲಿತೆವು. ಒಳಗಿನ ಕೆಮ್ಮು ಕೇಳಬಾರದೆಂದು ಸದ್ದು ಜಾಸ್ತಿ ಮಾಡುತ್ತಿದ್ದವಳೂ ನಾನೇ.

ಹೊಸ ಶತಮಾನ ಬಂತು, ಬೀದಿ ಬೀದಿಗೆ ಇಂಟರ್ನೆಟ್ ಅಂಗಡಿಗಳು ಬಂದವು. ಡಿಗ್ರಿ ಓದುತ್ತಾ ನಾನೇ ತಡಕಾಡಿ ಕಂಪ್ಯೂಟರ್ ಕಲಿತೆ; ಕಂಡದ್ದನ್ನೆಲ್ಲ ಹುಡುಕುವ ಹುಚ್ಚು. ಒಂದು ದಿನ ಅತ್ತೆಯ ಕೆಮ್ಮನ್ನೇ ಟೈಪ್ ಮಾಡಿದೆ. ಅದಕ್ಕೊಂದು ಹೆಸರಿತ್ತು! ನುಂಗುವ ತೊಂದರೆ. ಲಕ್ವ ಹೊಡೆದವರಲ್ಲಿ ಗಂಟಲಿನ ಸ್ನಾಯು ಸೋಲಬಹುದು. ನೀರಿನಂಥದ್ದು ಸರಕ್ಕನೆ ಜಾರಿ ಉಸಿರಿನ ದಾರಿಗೆ ಹೋಗುತ್ತದೆ. ಎಷ್ಟೋ ಜನರಿಗೆ ಮೆತ್ತಗೆ ಗಟ್ಟಿಯಾಗಿರುವುದೇ ನುಂಗಲು ಸುಲಭ. ಹೂರಣದ ಉಂಡೆ ಕಣ್ಣಮುಂದೆ ಬಂತು. ಅವತ್ತು ಅವರು ಕೆಮ್ಮದೆ ಒಬ್ಬಟ್ಟಿನ ಹೂರಣ ತಿನ್ನುತ್ತಿದ್ದರೋ ಏನೋ — ಅಲ್ಲೇ ಕೂತು ಅತ್ತುಬಿಟ್ಟೆ.

ಇದನ್ನು ನೋಡುವವರು ನಮ್ಮೂರಲ್ಲೇ ಇದ್ದರು, ಸಿಟಿ ಬಸ್ಸಿನ ದೂರದಲ್ಲಿ. ಕರೆದುಕೊಂಡು ಹೋದೆ. ಅಲ್ಲಿನ ಥೆರಪಿಸ್ಟ್ ಹುಡುಗಿ ಅತ್ತೆಯನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆ ಬಗ್ಗಿಸಿ, ಚಿಕ್ಕ ಚಮಚದಲ್ಲಿ ಗಟ್ಟಿ ಗಂಜಿ ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು ಪರೀಕ್ಷಿಸಿದಳು. "ಇದು ಇವರಿಗೆ ಸರಿಹೋಗುತ್ತೆ. ಎಲ್ಲರಿಗೂ ಒಂದೇ ಉಪಾಯ ಅಲ್ಲ, ನೋಡಿಯೇ ಹೇಳ್ಬೇಕು" ಎಂದಳು.

ವಾಪಸು ಬರುವಾಗ ಅತ್ತೆ ಬಸ್ಸಿನಲ್ಲೇ ನಗುತ್ತಾ ಬೈದರು. "ಇಷ್ಟಕ್ಕೆ ಇಷ್ಟು ವರ್ಷ ನನಗೆ ನೀರುಗಂಜಿ ಕುಡಿಸಿದ್ರಾ, ಪಾಪಿಗಳಾ!" ಕಂಡಕ್ಟರೂ ನಕ್ಕ. ಆ ನಗುವಿಗಾಗಿ ಈಗ ಆ ಬಸ್ಸನ್ನೇ ಹತ್ತಿ ಕೂರೋಣ ಅನ್ನಿಸುತ್ತದೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅಕ್ಕನ ಮಗನ ನಾಮಕರಣವೂ ಸೋಮವಾರವೇ ಬಂತು. "ಪಂಕ್ತೀಲಿ ಕೂತ್ಕೊಳ್ಳಿ ಅತ್ತೆ, ಈಗ ಕೆಮ್ಮಲ್ಲ" ಎಂದೆ. ಅವರು ನನ್ನ ಕೈ ಹಿಡಿದರು. "ಶಾಂತಮ್ಮ ಇರ್ತಾರಲ್ಲೇ. ನೀನು ಹೇಳಿದ್ ಮಾತು ಸುಳ್ಳಾಗಬಾರ್ದು ಕಣಮ್ಮ."

ಅಷ್ಟು ವರ್ಷ ಅವರು ಕಾಪಾಡಿಕೊಂಡು ಬಂದದ್ದು ವ್ರತವನ್ನಲ್ಲ, ನನ್ನನ್ನು. ನಾನು ಶಾಂತಮ್ಮನವರ ಹತ್ತಿರ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಗಿಲ ತನಕ ಹೋದೆ ಕೂಡ... ಅಕ್ಕನ ಮನೆಯವರು ಏನಂದುಕೊಳ್ಳುತ್ತಾರೋ ಅಂತ ತಿರುಗಿ ಬಂದೆ. ಅತ್ತೆ ಪಂಕ್ತಿಯ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರ ಎಲೆ ನೋಡುತ್ತಾ, "ಒಬ್ಬಟ್ಟು ಮೆತ್ತಗಿದ್ಯಾ? ತುಪ್ಪ ಸಾಕಾ?" ಎಂದು ಕೇಳುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ಜ್ವರ ಎದೆಗಿಳಿದು ಹೋಗಿಬಿಟ್ಟರು. ವರ್ಷಗಟ್ಟಲೆ ತಪ್ಪು ದಾರಿಗೆ ಇಳಿದ ಗಂಜಿಗೂ ಅದಕ್ಕೂ ಸಂಬಂಧವಿತ್ತೋ — ಡಾಕ್ಟರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ನಿಮ್ಮ ಮನೆಯಲ್ಲೂ ನೀರು ಕುಡಿದಾಗಲೆಲ್ಲ ಕೆಮ್ಮುವವರು ಇದ್ದರೆ ನೆತ್ತಿ ತಟ್ಟಿ ಸುಮ್ಮನಾಗಬೇಡಿ, ತೋರಿಸಿ. ಅವರನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಬೇಡಿ.

ಶಾಂತಮ್ಮನವರು ಇವತ್ತಿಗೂ ಅತ್ತೆಯ ಹೆಸರಿನಲ್ಲಿ ಸೋಮವಾರ ಉಪವಾಸ ಮಾಡುತ್ತಾರೆ. ಈ ಸಲ ಸೋಮವಾರವೇ ಅವರ ಮನೆಗೆ ಹೋಗುತ್ತಿದ್ದೇನೆ. ಅವರಿಗೆ ನೋವಾಗುತ್ತದೆ, ಗೊತ್ತು. ಹೇಳಬೇಕಾದ್ದನ್ನು ಇಲ್ಲಿ ಮೊದಲು ಟೈಪ್ ಮಾಡಿಕೊಳ್ಳುತ್ತಿದ್ದೇನೆ, ಬಾಗಿಲಿಂದ ಮತ್ತೆ ತಿರುಗಿ ಬರಬಾರದಲ್ಲ —

ಅಮ್ಮಾ, ಅವತ್ತು ನಮ್ಮ ಗೌರತ್ತೆಗೆ ಉಪವಾಸ ಇರಲಿಲ್ಲ. ಅವರಿಗೆ ಹಸಿವಾಗಿತ್ತು.